ನಾಲ್ಕನೆಯ ಆಳಾಗಿ ಒಂದು ಕಲ್ಲು

ಚಾರಣಕ್ಕೆ ಹೊರಡುವಾಗ ನೆತ್ತರು ಹೀರುವ ಇಂಬಳ ಹತ್ತದಿರಲೆಂದು ಕಾಲಿಗೆ ಹೊಗೆಸೊಪ್ಪಿನ ಎಣ್ಣೆ ಹಚ್ಚಿಕೊಂಡರೆ, ಆ ಘಾಟಿಗೆ ಈಗಲೂ ಹೊಸನಗರದ ಅಜ್ಜಿಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಮರುದಿನ ಮಾವ, ಅಕ್ಕ, ನಾನು ಕಾಡಿನ ದಾರಿ ಹಿಡಿದು ಗುಡ್ಡದ ತುದಿಗೆ ಹೋಗಿ ಸಂಜೆಯೊಳಗೆ ಮರಳುವುದೆಂದು ನಿಶ್ಚಯವಾಗಿತ್ತು. ಮಾವ ಜಗಲಿಯಲ್ಲಿ ಕೂತು ಎಣ್ಣೆಗೆ ಹೊಗೆಸೊಪ್ಪಿನ ಪುಡಿ ಕಲಸುತ್ತಿದ್ದರು. ಅಜ್ಜಿ ಅಂಗಳದಿಂದ ಒಂದು ನುಣುಪು ಕಲ್ಲು ತಂದು ನನ್ನ ಚೀಲಕ್ಕೆ ಹಾಕಿದರು.

"ಮೂರು ಜನ ಹೊರಡಬಾರ್ದು ಕಣೇ. ಇದು ನಾಲ್ಕನೇದು."

ಶಾಲೆಯ ಚರ್ಚಾಸ್ಪರ್ಧೆಯಲ್ಲಿ ಆಗಷ್ಟೇ ಬಹುಮಾನ ಗೆದ್ದಿದ್ದ ನಾನು ಬಿಡುತ್ತೇನೆಯೇ? "ಕಲ್ಲು ನಡೆಯುತ್ತಾ ಅಜ್ಜಿ? ಬುತ್ತಿ ಉಣ್ಣುತ್ತಾ? ಮತ್ತೆ ಅದು ಜನ ಹೆಂಗಾಯ್ತು?"

"ಬಂದ್ರು ನೋಡಿ ವಕೀಲರಮ್ಮ!" ಎಂದು ಅಕ್ಕ ನಕ್ಕಳು.

ಅಜ್ಜಿ ನಗಲಿಲ್ಲ. ಚೀಲದಿಂದ ಕಲ್ಲನ್ನು ಹೊರಗೆ ತೆಗೆದರು. "ನೀ ಹೇಳೋದು ಸರಿ ಮಗಾ. ಕಲ್ಲು ಜನ ಅಲ್ಲ. ಹಂಗಾರೆ ಅವ್ರಿಬ್ರೇ ಹೋಗ್ಲಿ."

ಮಾವ ತಲೆಯೆತ್ತದೆ ಕಲಸುತ್ತಲೇ ಇದ್ದರು. ಅಕ್ಕ ನನ್ನ ಚೀಲದಲ್ಲಿದ್ದ ನೀರಿನ ಬಾಟಲಿಯನ್ನು ತನ್ನದಕ್ಕೆ ಹಾಕಿಕೊಂಡಳು. ನನ್ನ ವಾದ ತಪ್ಪೆಂದು ಯಾರಾದರೂ ಹೇಳಲಿ ಎಂದು ಕತ್ತಲಾಗುವವರೆಗೂ ಜಗಲಿಯಲ್ಲೇ ಕಾದೆ. ಯಾರೂ ಹೇಳಲಿಲ್ಲ.