ತೆಗೆದುಹಾಕಿದ ಅಳು

ಬೆಳಿಗ್ಗೆ ಏಳು ಗಂಟೆ, ಓಣಿಯ ಮಕ್ಕಳನ್ನೆಲ್ಲ ಆನ್ ಮಾಡುವ ಹೊತ್ತು. ಬಿಂದುವಿನ ಎದೆಯ ಯಂತ್ರ ಮಾತ್ರ ಮೂರನೇ ಸಲವೂ ಶುರುವಾಗುತ್ತಲೇ ಕ್ರ್ಯಾಶ್ ಆಯಿತು. ಉಸಿರು ನಡೆಸುವ ರಾತ್ರಿಯ ಬ್ಯಾಟರಿ ಕ್ಷೀಣಿಸಿ, ಇನ್ನು ಎರಡೇ ನಿಮಿಷ ಉಳಿದಿತ್ತು.

“ಶಾಂಭವಿ, ಕೂಸಿನ ತುಟಿ ನೀಲಿ ಆಗಾಕತ್ತಾವಲ್ಲೇ!” ಅತ್ತೆ ಚೀರಿದರು.

ತಾಯಿ ಶಾಂಭವಿ ಫೋನಿನಲ್ಲಿ ಯಂತ್ರದ ದಾಖಲೆಯ ಕೊನೆಯ ಸಾಲು ಓದಿದಳು: ‘ಅಳು ಸಿಗಲಿಲ್ಲ. ಮೂಲ ತಂತ್ರಾಂಶ ನಿಂತಿದೆ.’

“ಅಳೂದನ್ನ ನಾನ ನಿನ್ನೆ ತಗದೇನ್ರಿ ಅತ್ತಿ. ದಿನಾ ಸಾಲಿ ಬಾಗಲದಾಗ ಸೆರಗ ಹಿಡದು ಅಳತಿದ್ಲು, ನನಗ ಕೆಲಸಕ್ಕ ತಡಾ ಆಗತಿತ್ತು.”

“ಹುಟ್ಟಿದ ಕೂಸು ಅತ್ತ ಮ್ಯಾಲಲ್ಲೇನ ಉಸಿರು ತಗೊಳ್ಳೂದು? ಮೊದಲ ಹಾಕ ಅದನ್ನ!”

ಶಾಂಭವಿ ಅಳುವನ್ನು ಮರಳಿ ಹಾಕಿ ಆನ್ ಮಾಡಿದಳು. ಬಿಂದುವಿನ ಎದೆ ಏರಲಿಲ್ಲ. ಆಮೇಲೆ ಬಾಯಿ ತೆರೆಯಿತು.

“ನಾ ಸಾಲಿಗೆ ಹೋಗಂಗಿಲ್ಲಾ!” ಬಿಂದು ಓಣಿಗೆಲ್ಲ ಕೇಳುವಂತೆ ಅತ್ತಳು.

“ಅಳವ್ವಾ, ಇನ್ನಷ್ಟು ಅಳು,” ಶಾಂಭವಿ ಅವಳನ್ನು ಅವಚಿಕೊಂಡಳು. “ಇವತ್ತ ನಾನೂ ಎಲ್ಲೂ ಹೋಗಂಗಿಲ್ಲ.”