ಇಂಟರ್ವಲ್ ಆದಮೇಲೆ

ಜಗತ್ತಿನ ಸಿನಿಮಾಗಳೆಲ್ಲ ಒಂದೇ ದಿನ ಅಳಿಸಿಹೋದ ಮೇಲೆ, ದಾವಣಗೆರೆಯಲ್ಲಿ ನೋಡಿದವರು ಅವುಗಳ ಕಥೆ ಹೇಳುವುದು, ನೋಡದವರು ಕೇಳುವುದು ರೂಢಿಯಾಗಿತ್ತು. ಇಂಟರ್ವಲ್ ಮಾತ್ರ ಯಾರೂ ಬಿಟ್ಟಿರಲಿಲ್ಲ. ಹೇಳುವವರಲ್ಲೊಬ್ಬಳಾದ ಶಿವಗಂಗಮ್ಮ ಅರ್ಧಕ್ಕೆ ಕಥೆ ನಿಲ್ಲಿಸಿದ ಕೂಡಲೇ ಜನ ಎದ್ದು ಮಂಡಕ್ಕಿ ಮೆಣಸಿನಕಾಯಿಗೆ ಹೋಗುತ್ತಿದ್ದರು.

ಅವಳ ಮೆಚ್ಚಿನದು ಕುರುಡು ಬಳೆಗಾರನ ಸಿನಿಮಾ. ಮುನಿಸಿಕೊಂಡು ಮನೆಬಿಟ್ಟಿದ್ದ ಮಗಳು ಕೊನೆಗೆ ಮಾತಾಡದೆ ಬಂದು ಕೈ ಚಾಚುತ್ತಾಳೆ. ಬಳೆ ತೊಡಿಸುತ್ತಲೇ ಮುದುಕ ಆ ಕೈಯ ಗುರುತು ಹಿಡಿಯುತ್ತಾನೆ. ಅದೊಂದಕ್ಕಾದರೂ ನೋಡಬೇಕಿತ್ತು ಎನ್ನುತ್ತಿದ್ದಳು. ನಿಜದಲ್ಲಿ ಆ ಕೊನೆಯನ್ನು ಅವಳೂ ನೋಡಿರಲಿಲ್ಲ. ಚಿಕ್ಕವಳಿದ್ದಾಗ, ಊರಿಗೆ ಹೋಗುವ ಕೊನೆಯ ಬಸ್ಸು ತಪ್ಪೀತೆಂದು ಅಪ್ಪ ಅವಳನ್ನು ಇಂಟರ್ವಲ್ಲಿಗೇ ಎಬ್ಬಿಸಿಕೊಂಡು ಹೋಗಿದ್ದ. ಮುಂದಿನದೆಲ್ಲ ಬಸ್ಸಿನಲ್ಲಿ ಕೂತು ತಾನೇ ಕಟ್ಟಿಕೊಂಡದ್ದು.

ಇವತ್ತು ಕಥೆ ಮುಗಿದು ಜನ ಚದುರಿದರೂ, ಹೊಸದಾಗಿ ಬಂದಿದ್ದ ಹಾಲಪ್ಪಜ್ಜ ಏಳಲಿಲ್ಲ.

“ಅದು ಓಡಿದ ಟಾಕೀಸಿನಾಗೆ ಗೇಟ್ ಕಾಯ್ತಿದ್ದೆ ತಾಯಿ. ಅದರಾಗೆ ಮಗಳು ಬರೋದೇ ಇಲ್ಲ.”

ಶಿವಗಂಗಮ್ಮ ಕೂತಲ್ಲಿಂದ ಎದ್ದು ಜಾಗ ಬಿಟ್ಟಳು. “ಹಂಗಾದ್ರೆ ನಾಳೆಯಿಂದ ನೀವೇ ಹೇಳ್ರಿ ಅಜ್ಜಾರೆ.”

“ಬ್ಯಾಡ,” ಎಂದ ಅಜ್ಜ, ಹೆಗಲ ಮೇಲಿನ ಟವೆಲ್ಲು ಕೊಡವುತ್ತ. “ಆ ಮುದುಕ ನನ್ನ ಕಣ್ಣೆದುರು ದಿನಕ್ಕೆ ನಾಲ್ಕು ಆಟ ಕಾದಾನೆ. ಇನ್ನಾದ್ರೂ ಮಗಳು ಬರ್ಲಿ ಬಿಡ್ರಿ.”