ಕ್ರೋಮಿಯಂನ ಉತ್ತರ

ಪಾರ್ಶ್ವವಾಯುವಾದ ಮೇಲೆ ಶ್ರೀಕಂಠಯ್ಯ ಮೇಷ್ಟ್ರು ಯಾರನ್ನೂ ಗುರುತು ಹಿಡಿಯುತ್ತಿಲ್ಲವೆಂದು ಕೇಳಿ, ಹಳೆಯ ವಿದ್ಯಾರ್ಥಿನಿ ನಸೀಮಾ ನೋಡಲು ಬಂದಳು. ಈಗ ಅವಳೂ ಕೆಮಿಸ್ಟ್ರಿ ಲೆಕ್ಚರರ್.

ಮೇಷ್ಟ್ರು ಅವಳನ್ನು ಸುಮ್ಮನೆ ನೋಡಿದರು.

"ಪಾಠದ ಮಾತು ತೆಗಿಯಮ್ಮ, ಒಮ್ಮೊಮ್ಮೆ ಉತ್ತರ ಕೊಡ್ತಾರೆ," ಎಂದರು ಅವರ ಹೆಂಡತಿ ಗಿರಿಜಮ್ಮ.

ಮೇಷ್ಟ್ರ ಮೆಚ್ಚಿನ ಪಾಠ ಕ್ರೋಮಿಯಂನದು. ಅದರ ಎಲೆಕ್ಟ್ರಾನ್‌ಗಳಿರುವ ಎಸ್, ಡಿ ಎಂಬ ಕಕ್ಷಕಗಳಲ್ಲಿ ಎಸ್‌ನಿಂದ ಒಂದು ಎಲೆಕ್ಟ್ರಾನ್ ಡಿಗೆ ಹೋಗುತ್ತದೆ. ಡಿಯಲ್ಲಿ ಐದೂ ಒಂದೇ ಸ್ಪಿನ್‌ನಲ್ಲಿ ನಿಂತರೆ ವಿನಿಮಯ ಶಕ್ತಿ ಹೆಚ್ಚಿ ಪರಮಾಣು ಸ್ಥಿರವಾಗುತ್ತದೆ. ಡಿಯಲ್ಲಿ ಐದು, ಎಸ್‌ನಲ್ಲಿ ಒಂದು; ಇದನ್ನು ತಪ್ಪಿದವರನ್ನು ಅವರು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

"ಸರ್, ಕ್ರೋಮಿಯಂನಲ್ಲಿ ಎಲೆಕ್ಟ್ರಾನ್‌ಗಳು ಹೇಗೆ ಕೂತಿರ್ತವೆ?"

ಅವರ ಮುಖ ಅರಳಿತು. "ಡಿಯಲ್ಲಿ ನಾಲ್ಕು, ಎಸ್‌ನಲ್ಲಿ ಎರಡು. ಸರಿ ತಾನೆ?"

ನಸೀಮಾ ತಲೆಯಾಡಿಸಿದಳು. "ಸರಿ, ಸರ್."

ಗಿರಿಜಮ್ಮ ನಗುತ್ತಾ ಗಂಡನ ಹೊದಿಕೆ ಸರಿಪಡಿಸಿದರು. ಸದ್ಯ, ಉತ್ತರ ತಪ್ಪೆಂದು ಗಿರಿಜಮ್ಮನಿಗೆ ತಿಳಿಯಲಿಲ್ಲವಲ್ಲ ಎಂದು ನಸೀಮಾ ಸಮಾಧಾನ ಮಾಡಿಕೊಂಡಳು.

ಗೇಟಿನ ಬಳಿ ಗಿರಿಜಮ್ಮ ಅವಳ ಕೈ ಹಿಡಿದುಕೊಂಡರು.

"ತಪ್ಪು ಅನ್ನಲಿಲ್ಲವಲ್ಲ, ಒಳ್ಳೇದಾಯ್ತು ಕಣಮ್ಮ. ನಾನೂ ದಿನಾ ಸರಿ ಅಂತಲೇ ಹೇಳ್ತೀನಿ."